ಎಚ್ಚರಿಕೆ ಬರೆಯುವುದು ಯಾರಿಗೆ?

‘ಕರಾವಳಿಯ ಬಹುತೇಕ ಕಡೆ, ಉತ್ತರ ಒಳನಾಡಿನ ಕೆಲವೆಡೆ, ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಂಭವವಿದೆ.’ ಮುಂಗಾರಿನ ನಾಲ್ಕು ತಿಂಗಳೂ ಪತ್ರಿಕೆಯ ಯಾವುದೋ ಮೂಲೆಯಲ್ಲಿ ಇಂಥದೊಂದು ಸಾಲು ಇದ್ದೇ ಇರುತ್ತದೆ. ಭಾಗಗಳ ಹೆಸರು ಅದಲುಬದಲಾಗುತ್ತವೆ, ಅಷ್ಟೆ. ‘ಎಲ್ಲೋ ಬರುತ್ತೆ, ಬರದೆಯೂ ಇರಬಹುದು ಅಂತ ತಾನೆ? ಅಷ್ಟು ಹೇಳೋಕೆ ಇಲಾಖೆ ಬೇಕಾ?’ ಎಂದು ನಕ್ಕು ಪುಟ ತಿರುಗಿಸುವವರೇ ಹೆಚ್ಚು.

ಆದರೆ ಆ ಸಾಲು ಬಾಯಿಗೆ ಬಂದಂತೆ ಬರೆದದ್ದಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಬಹುತೇಕ ಕಡೆ’ ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳ ಪೈಕಿ ಶೇ 75ಕ್ಕಿಂತ ಹೆಚ್ಚಿನ ಕಡೆ ಮಳೆ. ‘ಹಲವೆಡೆ’ ಅಂದರೆ ಶೇ 51ರಿಂದ 75. ‘ಕೆಲವೆಡೆ’ ಅಂದರೆ ಶೇ 26ರಿಂದ 50. ‘ಒಂದೆರಡು ಕಡೆ’ ಅಂದರೆ ಶೇ 25ರ ಒಳಗೆ. ನಾವು ಅಡ್ಡಗೋಡೆಯ ಮೇಲಿನ ದೀಪ ಅಂದುಕೊಂಡಿದ್ದರ ಒಳಗೆ ಇಷ್ಟು ಖಚಿತವಾದ ಅಳತೆ ಕೂತಿದೆ. ಇದು ಬರೆದವರಿಗೆ ಗೊತ್ತು. ಅವರಿಂದ ಸುದ್ದಿ ಪಡೆಯುವ ಇತರ ಕಚೇರಿಗಳಿಗೂ ಗೊತ್ತಿರಬಹುದು. ನಾಳೆ ಬಿತ್ತಬೇಕೋ ಬೇಡವೋ ಎಂದು ಪತ್ರಿಕೆ ಬಿಡಿಸಿದವನಿಗೆ ಮಾತ್ರ ಗೊತ್ತಿಲ್ಲ.

ಓದುಗರನ್ನು ನೋಡಿಕೊಂಡು ಬರೆಯಬೇಕೇ ಎಂಬ ಪ್ರಶ್ನೆ ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಆಗಾಗ ಏಳುತ್ತದೆ. ‘ನಾನು ಬರೆಯುವುದು ನನಗಾಗಿ’ ಎಂದು ಒಬ್ಬರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಕವಿತೆಯ ಮಟ್ಟಿಗೆ ಆ ಮಾತನ್ನು ಒಪ್ಪೋಣ. ಆದರೆ ದಿನ ಬೆಳಗಾದರೆ ನಮ್ಮ ಕಣ್ಣಿಗೆ ಬೀಳುವ ಬರಹದಲ್ಲಿ ಕವಿತೆ ಎಷ್ಟು? ಸುತ್ತೋಲೆ, ಪ್ರಕಟಣೆ, ಮಾತ್ರೆಯ ಜೊತೆ ಬರುವ ಚೀಟಿ, ಬ್ಯಾಂಕಿನ ಸಂದೇಶ, ಮಳೆಯ ಮುನ್ಸೂಚನೆ ಇವೇ ಹೆಚ್ಚು. ಇವನ್ನೂ ಯಾರೋ ಒಬ್ಬರು ಕೂತು ಬರೆಯುತ್ತಾರೆ, ಅವರೂ ಬರಹಗಾರರೇ. ಅವರು ಓದುಗನನ್ನು ಮರೆತರೆ ವಿಮರ್ಶಕ ಬೈಯುವುದಿಲ್ಲ, ಜನ ಕಷ್ಟಕ್ಕೆ ಸಿಕ್ಕುತ್ತಾರೆ. ಅದಕ್ಕೇ ಇಂದು ಮಳೆಯ ಎಚ್ಚರಿಕೆಯನ್ನೇ ಹಿಡಿದು ಮಾತಾಡುತ್ತೇನೆ.

ಮುನ್ಸೂಚನೆ ಒಂದೇ, ಓದುವವರು ಹಲವರು. ಜುಲೈ ತಿಂಗಳ ಒಂದು ದಿನ ಪಶ್ಚಿಮ ಘಟ್ಟದ ಜಿಲ್ಲೆಗಳಿಗೆ ಆರೆಂಜ್ ಅಲರ್ಟ್ ಬಂತು ಎಂದುಕೊಳ್ಳಿ. 24 ತಾಸಿನಲ್ಲಿ 115.6ರಿಂದ 204.4 ಮಿ.ಮೀ. ಮಳೆ ನಿರೀಕ್ಷಿಸುವಾಗ ಸಾಮಾನ್ಯವಾಗಿ ಕೊಡುವ ಬಣ್ಣ ಅದು. ಮೂಡಿಗೆರೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ಮಿಲಿಮೀಟರಿನ ಮಾತೇ ಇಲ್ಲ. ಅಲ್ಲಿ ಮಳೆ ಬೀಳುವುದು ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದರೆ ‘ಎರಡು ಇಂಚು ನಲವತ್ತು ಸೆಂಟು’ ಎಂಬ ಉತ್ತರ ಬರುತ್ತದೆ. ಹಿಂದಿನ ವರ್ಷಗಳ ಲೆಕ್ಕವೂ ಡೈರಿಯಲ್ಲಿ ಇರುತ್ತದೆ. ಅವರಿಗೆ 115.6 ಅಂದರೆ ಏನೂ ಹೊಳೆಯದು. ‘ನಾಲ್ಕೂವರೆಯಿಂದ ಎಂಟು ಇಂಚು’ ಅಂದು ನೋಡಿ, ಕೂತವರು ಎದ್ದು ಚರಂಡಿ ನೋಡಲು ಹೋಗುತ್ತಾರೆ.

ಶಿರಸಿಯ ಅಡಿಕೆ ತೋಟದವರದು ಬೇರೆಯೇ ಕಥೆ. ಎಷ್ಟು ಮಳೆ ಬರುತ್ತದೆ ಎಂಬ ಚಿಂತೆ ಅವರಿಗಿಲ್ಲ. ಆ ಊರಿನ ಜುಲೈಯಲ್ಲಿ ಮಳೆ ಬರದೆ ಇನ್ನೇನು ಬರುತ್ತದೆ? ಅವರಿಗೆ ಬೇಕಾದದ್ದು ಮಳೆ ಯಾವಾಗ ಬಿಡುವು ಕೊಡುತ್ತದೆ ಎಂಬ ಸುದ್ದಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಕದಡಿದ ದಿನವೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಮರ ಹತ್ತುವ ಕೊನೆಗೌಡ ಕರೆದಾಗ ಸಿಗುವವನಲ್ಲ, ಅವನ ದಿನಗಳು ಮೊದಲೇ ಹಂಚಿಹೋಗಿರುತ್ತವೆ. ಹೊಡೆದ ಮೇಲೆ ಗೊನೆ ಆರಲು ಒಂದಿಷ್ಟು ಹೊತ್ತು ಸಿಗದಿದ್ದರೆ ತುತ್ತ, ಸುಣ್ಣ, ಕೂಲಿ ಎಲ್ಲವೂ ಮಳೆನೀರಿನ ಪಾಲು. ಇವರಿಗೆ ‘ಭಾರಿ ಮಳೆಯ ಸಂಭವ’ ಎಂದು ಬರೆದರೆ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದಂತಾಯಿತು. ‘ಗುರುವಾರ ಮಧ್ಯಾಹ್ನದವರೆಗೆ ಬಿಡುವು ಸಿಗಬಹುದು’ ಎಂದು ಬರೆದರೆ ಅದು ಸುದ್ದಿ.

ಮಲ್ಪೆಯ ಬಂದರಿನಲ್ಲಿ ಮಳೆಯ ಲೆಕ್ಕ ಯಾರೂ ಕೇಳುವುದಿಲ್ಲ. ಗಾಳಿ ಎಷ್ಟು, ಅಲೆ ಎಷ್ಟು, ಯಾವ ದಿಕ್ಕು ಎಂದು ಕೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಹೇಗೂ ನಿಷೇಧವಿರುವುದರಿಂದ ಜುಲೈ ತಿಂಗಳ ಎಚ್ಚರಿಕೆ ಮುಖ್ಯವಾಗಿ ಮುಟ್ಟಬೇಕಾದದ್ದು ನಾಡದೋಣಿಯವರಿಗೆ. ‘ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ಕಡಲಿಗೆ ಇಳಿಯಬೇಡಿ’ ಎಂಬ ಸಾಲನ್ನು ನಾನು ಮೆಚ್ಚುತ್ತೇನೆ. ಯಾರಿಗೆ, ಏನು, ಏನು ಮಾಡಬೇಕು ಎಂಬ ಮೂರೂ ಅಷ್ಟರಲ್ಲೇ ಇದೆ.

ಇಡೀ ರಾಜ್ಯದಲ್ಲಿ ಜನ ತಪ್ಪದೆ ಓದುವ ಹವಾಮಾನ ಪ್ರಕಟಣೆ ಮಾತ್ರ ಬೇರೊಂದಿದೆ. ಅದು ಜಿಲ್ಲಾಧಿಕಾರಿಯ ರಜೆ ಆದೇಶ. ಯಾವ ದಿನ, ಯಾವ ತಾಲ್ಲೂಕು, ಅಂಗನವಾಡಿಯಿಂದ ಎಲ್ಲಿಯವರೆಗೆ, ಎಲ್ಲವೂ ಸ್ಪಷ್ಟ. ಪಿಯು ಕಾಲೇಜಿಗೆ ಇದೆ, ಪದವಿ ಕಾಲೇಜಿಗೆ ಇಲ್ಲ ಎಂಬುದನ್ನು ಮಕ್ಕಳು ವಕೀಲರ ಹಾಗೆ ಅರ್ಥೈಸುತ್ತಾರೆ. ಹಳೆಯ ಆದೇಶದ ದಿನಾಂಕ ತಿದ್ದಿ ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಡುವ ಕಿಡಿಗೇಡಿಗಳೂ ಇದ್ದಾರೆ. ಯಾರೂ ಓದದ ಪ್ರಕಟಣೆಯನ್ನು ಯಾರಾದರೂ ನಕಲು ಮಾಡುತ್ತಾರೆಯೇ? ಆ ಆದೇಶ ಬರೆದ ಗುಮಾಸ್ತರಿಗೆ ಓದುಗ ಯಾರು ಎಂಬ ಬಗ್ಗೆ ಒಂದಿಷ್ಟೂ ಅನುಮಾನವಿಲ್ಲ. ಗುಟ್ಟು ಅಷ್ಟೆ.

ಹಾಗಾದರೆ ಉಳಿದವು ಏಕೆ ಹಾಗಿರುತ್ತವೆ? ‘ಸಾರ್ವಜನಿಕರು ಎಚ್ಚರಿಕೆಯಿಂದ ಇರತಕ್ಕದ್ದು. ತಗ್ಗು ಪ್ರದೇಶದ ನಿವಾಸಿಗಳು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು.’ ಸೂಕ್ತ ಅಂದರೆ ಏನು? ಮನೆ ಬಿಡಬೇಕೇ, ದನ ಬಿಚ್ಚಬೇಕೇ, ಮಾಳಿಗೆ ಹತ್ತಬೇಕೇ? ಉತ್ತರವಿಲ್ಲ. ಇಂಥದ್ದನ್ನು ಬರೆದವರು ದಡ್ಡರು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಅವರೂ ಓದುಗನನ್ನು ನೋಡಿಕೊಂಡೇ ಬರೆದಿದ್ದಾರೆ. ಆ ಓದುಗ ತಗ್ಗು ಪ್ರದೇಶದಲ್ಲಿಲ್ಲ, ಮೇಲಿನ ಕಚೇರಿಯಲ್ಲಿದ್ದಾನೆ. ನಾಳೆ ಏನಾದರೂ ಆಗಿ ವಿಚಾರಣೆ ನಡೆದರೆ ‘ಎಚ್ಚರಿಕೆ ಕೊಟ್ಟಿದ್ದೆವು’ ಎಂದು ತೋರಿಸಲು ಕಡತದಲ್ಲಿ ಒಂದು ಹಾಳೆ ಬೇಕು. ಆ ಉದ್ದೇಶಕ್ಕೆ ಆ ಸಾಲು ಎಷ್ಟು ಬೇಕೋ ಅಷ್ಟು ಚೆನ್ನಾಗಿದೆ. ಅಂದರೆ ಎಲ್ಲ ಬರಹವೂ ಯಾರಿಗೋ ತಕ್ಕಂತೆ ಇದ್ದೇ ಇರುತ್ತದೆ. ಕೇಳಬೇಕಾದದ್ದು, ಆ ‘ಯಾರೋ’ ನಿಜವಾಗಿ ಅಪಾಯದಲ್ಲಿರುವವನೇ ಎಂದು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಸತ್ತವರು 200ಕ್ಕೂ ಹೆಚ್ಚು. ಮರುದಿನವೇ ಜಗಳ ಶುರುವಾಯಿತು. ವಾರದ ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು ಎಂದು ಕೇಂದ್ರ ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ಅದು ಆರೆಂಜ್ ಅಲರ್ಟ್ ಮಾತ್ರ, ರೆಡ್ ಬಂದದ್ದು ಕುಸಿದ ಮೇಲೆ ಬೆಳಿಗ್ಗೆ ಎಂದು ಕೇರಳದ ಮುಖ್ಯಮಂತ್ರಿ ತಿರುಗೇಟು ಕೊಟ್ಟರು. ಯಾರು ಸರಿ ಎಂಬ ಪಂಚಾಯಿತಿಗೆ ನಾನು ಇಳಿಯುವುದಿಲ್ಲ. ಆದರೆ ವಾದದ ರೀತಿ ನೋಡಿ. ಒಂದು ಕಚೇರಿ ಇನ್ನೊಂದು ಕಚೇರಿಗೆ ಯಾವ ಬಣ್ಣದ ಕಾಗದ ಕಳಿಸಿತು ಎಂಬುದೇ ಪ್ರಶ್ನೆ. ಆ ಬಣ್ಣ ಇಡೀ ಜಿಲ್ಲೆಗೆ ಸೇರಿದ್ದು. ನಮ್ಮ ಮನೆಯ ಹಿಂದಿನ ಇಳಿಜಾರು ಇವತ್ತು ರಾತ್ರಿ ನಿಲ್ಲುತ್ತದೆಯೇ ಎಂದು ತಿಳಿಯಬೇಕಾದವನಿಗೆ ಆರೆಂಜೂ ಒಂದೇ, ಹಳದಿಯೂ ಒಂದೇ.

ಅದಕ್ಕೆ ಎರಡು ವಾರ ಮೊದಲು, ಜುಲೈ 16ರಂದು, ನಮ್ಮ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ರಸ್ತೆಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಅಂಗಡಿಯವರು ಊರಿನವರು. ಆದರೆ ಲಾರಿ ನಿಲ್ಲಿಸಿದ್ದವರು? ಅವರಲ್ಲಿ ಹೊರರಾಜ್ಯದವರೂ ಇದ್ದರು. ಉತ್ತರ ಕನ್ನಡ ಜಿಲ್ಲೆಯ ಪ್ರಕಟಣೆ ಕೇರಳದ ಲಾರಿ ಚಾಲಕನ ಕೈಗೆ ಯಾವ ದಾರಿಯಿಂದ ತಲುಪಬೇಕು? ಓದುಗನನ್ನು ಗುರುತಿಸುವ ಕೆಲಸ ನಾವು ಅಂದುಕೊಂಡಷ್ಟು ಸುಲಭವಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಲ್ಲಿ ಬೇಕಾಗಿದ್ದದ್ದು ಕನ್ನಡದ ಸೊಗಸಾದ ಪ್ಯಾರಾ ಅಲ್ಲ. ಗುಡ್ಡದ ಎರಡೂ ಬದಿಗೆ ಒಂದೆರಡು ಕಿಲೋಮೀಟರ್ ಮೊದಲೇ, ನಾಲ್ಕು ಭಾಷೆಯಲ್ಲಿ ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ ಎಂಬ ದೊಡ್ಡ ಹಲಗೆ.

ಪದಗಳ ಆಯ್ಕೆ ಜೀವ ತೆಗೆಯಬಲ್ಲದು ಎಂದರೆ ಅತಿಶಯೋಕ್ತಿ ಅನ್ನಿಸೀತು. ಫಿಲಿಪ್ಪೀನ್ಸಿನ ಟಕ್ಲೋಬಾನ್ ನಗರದವರನ್ನು ಕೇಳಬೇಕು. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಅಪ್ಪಳಿಸಿತು. ಅಲ್ಲಿನ ಹವಾಮಾನ ಸಂಸ್ಥೆ ಮುಂಚಿತವಾಗಿಯೇ ಎಚ್ಚರಿಸಿತ್ತು. 7 ಮೀಟರ್‌ವರೆಗೆ ‘ಸ್ಟಾರ್ಮ್ ಸರ್ಜ್’ ಬರಬಹುದು ಎಂದು ಅಂಕಿಯನ್ನೂ ಕೊಟ್ಟಿತ್ತು. ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಆದರೆ ಸ್ಟಾರ್ಮ್ ಸರ್ಜ್ ಅಂದರೆ ಗಾಳಿಯ ಒತ್ತಡಕ್ಕೆ ಕಡಲೇ ಎದ್ದು ಊರೊಳಗೆ ನುಗ್ಗುವುದು ಎಂದು ಬಹಳ ಮಂದಿಗೆ ತಿಳಿಯಲಿಲ್ಲ. ಜೋರು ಗಾಳಿ ಎಂದುಕೊಂಡರು. ಗಾಳಿಗೆ ಹೆದರುವ ಜನವಲ್ಲ ಅವರು, ಪ್ರತಿ ವರ್ಷ ನೋಡಿದವರು. ಗಟ್ಟಿ ಗೋಡೆಯ ಕಟ್ಟಡ ಹುಡುಕಿ ಒಳಗೆ ಕೂತರು. ನೀರು ಅಲ್ಲಿಗೇ ಬಂತು. ಆ ಚಂಡಮಾರುತಕ್ಕೆ ಸಿಕ್ಕಿ ಸತ್ತವರು 6 ಸಾವಿರಕ್ಕೂ ಹೆಚ್ಚು. ಸುನಾಮಿಯಂಥದ್ದು ಬರುತ್ತದೆ ಎಂದು ಹೇಳಿದ್ದರೆ ಓಡಿಹೋಗುತ್ತಿದ್ದೆವು ಎಂದು ಬದುಕಿ ಉಳಿದವರು ಆಮೇಲೆ ಹೇಳಿದರು. ಶಾಸ್ತ್ರದ ಲೆಕ್ಕದಲ್ಲಿ ಅದು ಸುನಾಮಿ ಅಲ್ಲ, ನಿಜ. ಆದರೆ ‘ತೆಂಗಿನ ಅರ್ಧ ಮರದಷ್ಟು ಎತ್ತರಕ್ಕೆ ಸಮುದ್ರ ಊರೊಳಗೆ ಬರುತ್ತದೆ, ಮೇಲಿನ ಜಾಗಕ್ಕೆ ಹೋಗಿ’ ಎಂದು ಬರೆಯಲು ಯಾವ ಶಾಸ್ತ್ರ ಅಡ್ಡ ಬರುತ್ತಿತ್ತು?

ಇಲ್ಲಿಯವರೆಗೆ ಓದಿದವರು, ಹಾಗಾದರೆ ಓದುಗನಿಗೆ ತಕ್ಕಂತೆ ಬರೆದುಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಇಟಲಿಯ ಲಾಕ್ವಿಲಾ ಊರಿನ ಕಥೆ ಇನ್ನೊಂದು ಬದಿಯದು. 2009ರ ಆರಂಭದ ತಿಂಗಳುಗಳಲ್ಲಿ ಅಲ್ಲಿ ಸಣ್ಣ ಸಣ್ಣ ಕಂಪನಗಳು ನಡೆಯುತ್ತಲೇ ಇದ್ದವು. ಜನ ಕಂಗಾಲಾಗಿದ್ದರು. ಮಾರ್ಚ್ 31ರಂದು ಸರ್ಕಾರದ ಅಪಾಯ ಆಯೋಗ ಆ ಊರಿನಲ್ಲೇ ಸಭೆ ಸೇರಿತು. ಜನರನ್ನು ಸಮಾಧಾನ ಮಾಡುವುದೇ ಅಧಿಕಾರಿಗಳಿಗೆ ಬೇಕಾಗಿತ್ತು. ನಾಗರಿಕ ರಕ್ಷಣಾ ಇಲಾಖೆಯ ಉಪ ಮುಖ್ಯಸ್ಥರು ಟಿ.ವಿ. ಸಂದರ್ಶನದಲ್ಲಿ, ಸಣ್ಣ ಕಂಪನಗಳಿಂದ ಭೂಮಿಯ ಶಕ್ತಿ ಹೊರಬೀಳುತ್ತಿದೆ, ಪರಿಸ್ಥಿತಿ ಅನುಕೂಲಕರವಾಗಿಯೇ ಇದೆ ಎಂಬರ್ಥದ ಮಾತು ಹೇಳಿದರು. ನೆಮ್ಮದಿಯಾಗಿ ಒಂದು ಗ್ಲಾಸ್ ವೈನ್ ಕುಡಿಯಬಹುದೇ ಎಂದು ಕೇಳಿದ್ದಕ್ಕೆ ಸ್ಥಳೀಯ ವೈನಿನ ಹೆಸರನ್ನೇ ಹೇಳಿ ಧಾರಾಳವಾಗಿ ಎಂದರು. ಓದುಗನಿಗೆ, ಕೇಳುಗನಿಗೆ ತಕ್ಕ ಮಾತು ಎಂದರೆ ಅದೇ. ಸರಳ, ಆತ್ಮೀಯ, ಊರಿನ ವೈನಿನ ಹೆಸರೂ ಇದೆ. ಏಪ್ರಿಲ್ 6ರ ನಸುಕಿನ 3.32ಕ್ಕೆ ದೊಡ್ಡ ಭೂಕಂಪವಾಯಿತು. 309 ಮಂದಿ ಸತ್ತರು. ಕಂಪಿಸಿದ ರಾತ್ರಿ ಮನೆಯಿಂದ ಹೊರಗೆ ಮಲಗುವುದು ಆ ಊರಿನ ಹಳೆಯ ರೂಢಿ. ಆ ಮಾತು ಕೇಳಿ ಒಳಗೇ ಉಳಿದೆವು ಎಂದು ಮನೆಯವರನ್ನು ಕಳೆದುಕೊಂಡವರು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. 2012ರಲ್ಲಿ ಆ ಸಭೆಯಲ್ಲಿದ್ದ ಏಳು ಜನರಿಗೆ ಶಿಕ್ಷೆಯಾಯಿತು. 2014ರ ಮೇಲ್ಮನವಿಯಲ್ಲಿ ಆರು ವಿಜ್ಞಾನಿಗಳು ಖುಲಾಸೆಯಾದರು, ಅಧಿಕಾರಿಯ ಶಿಕ್ಷೆ ಎರಡು ವರ್ಷಕ್ಕೆ ಇಳಿಯಿತು.

ನಾನು ಗೆರೆ ಎಳೆಯುವುದು ಇಲ್ಲಿ. ಮಾತು ಯಾವುದು, ಅಳತೆ ಯಾವುದು, ಯಾವುದನ್ನು ಮೊದಲು ಹೇಳಬೇಕು, ಎಷ್ಟು ಉದ್ದ ಹೇಳಬೇಕು, ಇವೆಲ್ಲ ಓದುಗನಿಗೆ ಬಿಟ್ಟದ್ದು. ಏನು ನಿಜ ಮತ್ತು ಎಷ್ಟರ ಮಟ್ಟಿಗೆ ನಿಜ ಎಂಬುದು ಓದುಗನಿಗೂ ಬಿಟ್ಟದ್ದಲ್ಲ, ಬರೆಯುವವನಿಗೂ ಬಿಟ್ಟದ್ದಲ್ಲ. ಭೂಕಂಪ ಯಾವಾಗ ಆಗುತ್ತದೆ ಎಂದು ಯಾರೂ ಹೇಳಲಾರರು ಎಂಬ ಒಂದೇ ಸಾಲು ಆ ದಿನ ಇಟಲಿಯವರಿಗೆ ರುಚಿಸುತ್ತಿರಲಿಲ್ಲ, ಅಧಿಕಾರಿಗಳ ಉದ್ದೇಶಕ್ಕೂ ಹೊಂದುತ್ತಿರಲಿಲ್ಲ. ಹೇಳಬೇಕಾಗಿದ್ದದ್ದು ಅದನ್ನೇ. ಜನರ ಕೈಲಿ ಅರ್ಥ ಮಾಡಿಕೊಳ್ಳಲು ಆಗದು ಎಂದು ಅನಿಶ್ಚಿತತೆಯನ್ನು ಕತ್ತರಿಸಿ ಎಸೆಯುವ ಚಾಳಿ ನಮ್ಮ ಮಾಧ್ಯಮಗಳಲ್ಲೂ ಇದೆ. ‘ಶೇ 25ರ ಒಳಗೆ’ ಎಂಬ ಮಳೆ ಟಿ.ವಿ. ಪರದೆಗೆ ಬರುವಷ್ಟರಲ್ಲಿ ‘ವರುಣನ ಆರ್ಭಟ’ ಆಗಿರುತ್ತದೆ. ಇದು ನೋಡುಗನ ಕಣ್ಣನ್ನು ಪರದೆಗೆ ಅಂಟಿಸುವ ಉದ್ದೇಶಕ್ಕೆ ಬರೆದದ್ದು. ಪ್ರತಿ ವಾರ ಆರ್ಭಟಿಸಿದ ವರುಣ ನಿಜವಾಗಿ ಆರ್ಭಟಿಸುವ ದಿನ ಕರಾವಳಿಯವರು ಚಾನೆಲ್ ಬದಲಾಯಿಸಿರುತ್ತಾರೆ.

ಕೇಳುವವರನ್ನು ಎದುರಿಗೆ ಕೂರಿಸಿಕೊಂಡು ಬರೆದ ನಮ್ಮ ಮಾದರಿ ನಂದಳಿಕೆಯ ಮುದ್ದಣ. ‘ಶ್ರೀ ರಾಮಾಶ್ವಮೇಧ’ದಲ್ಲಿ ಕಥೆ ಕೇಳುವ ಮಡದಿ ಮನೋರಮೆ ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡ ಎನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ಕೀಟಲೆ ಮಾಡುತ್ತಾಳೆ. ಕವಿ ಅವಳಿಗಾಗಿ ಮಾತಿನ ದಾರಿ ಬದಲಿಸುತ್ತಾನೆ. ಆದರೆ ಅವಳಿಗೆ ಇಷ್ಟವೆಂದು ಯುದ್ಧದ ಫಲಿತಾಂಶ ಬದಲಿಸುವುದಿಲ್ಲ. ಹವಾಮಾನ ಇಲಾಖೆಯ ಮೇಜಿನ ಎದುರಿಗೂ ಒಬ್ಬ ಮನೋರಮೆ ಕೂತಿದ್ದರೆ ‘ಸೂಕ್ತ ಮುನ್ನೆಚ್ಚರಿಕೆ’ ಎಂಬುದು ಕಡತ ದಾಟಿ ಹೊರಗೆ ಬರುತ್ತಿರಲಿಲ್ಲ.

ಇದೆಲ್ಲ ಆಗದ ಮಾತು ಎನ್ನುವವರಿಗೆ ಒಡಿಶಾವನ್ನು ತೋರಿಸಬೇಕು. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. 2019ರ ಮೇ 3ರಂದು ಫೋನಿ ಪುರಿಯ ಬಳಿ ಅಪ್ಪಳಿಸುವ ಹೊತ್ತಿಗೆ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿ ಆಗಿತ್ತು. ಸಾವು ನೂರರ ಒಳಗೆ ನಿಂತಿತು. ಉಪಗ್ರಹ ಸುಧಾರಿಸಿದ್ದು, ಆಶ್ರಯ ಕಟ್ಟಡಗಳು ಎದ್ದದ್ದು ದೊಡ್ಡ ಕಾರಣ. ಜೊತೆಗೆ ಹಳ್ಳಿ ಹಳ್ಳಿಯಲ್ಲಿ ಧ್ವನಿವರ್ಧಕ ಹಿಡಿದು ಒಡಿಯಾದಲ್ಲಿ ‘ಬರುತ್ತಿದೆ, ಇಂಥ ಕಟ್ಟಡಕ್ಕೆ ನಡೆಯಿರಿ’ ಎಂದು ಕೂಗಿದವರು ಇದ್ದರು. ಅವರು ಮಿಲಿಬಾರ್ ಹೇಳಲಿಲ್ಲ, ಹೋಗಬೇಕಾದ ಜಾಗ ಹೇಳಿದರು. ಇದಕ್ಕೆ ತದ್ವಿರುದ್ಧವಾದದ್ದು 2017ರ ನವೆಂಬರ್ ಕೊನೆಯ ಒಖಿ ಚಂಡಮಾರುತ. ಕಡಲಿಗೆ ಹೋಗಬೇಡಿ ಎಂಬ ಸೂಚನೆ ದಡ ತಲುಪುವ ಹೊತ್ತಿಗೆ ಕೇರಳ, ಕನ್ಯಾಕುಮಾರಿಯ ನೂರಾರು ಮೀನುಗಾರರು ಆಗಲೇ ಮೊಬೈಲ್ ಸಿಗ್ನಲ್ ದಾಟಿ ಆಳ ಸಮುದ್ರದಲ್ಲಿದ್ದರು. ‘ಹೋಗಬೇಡಿ’ ಎಂಬುದು ದಡದಲ್ಲಿರುವವನಿಗೆ ಹೇಳುವ ಮಾತು. ಹೋಗಿ ನಾಲ್ಕು ದಿನವಾದವನಿಗೆ ಬೇಕಾದದ್ದು ‘ಯಾವ ದಿಕ್ಕಿಗೆ ತಿರುಗು’ ಎಂಬ ಮಾತು, ಅದೂ ಉಪಗ್ರಹದ ಮೂಲಕ. ಅಂಥ ಸಾಧನ ಬಂದದ್ದು 2019ರಲ್ಲಿ.

ನಮ್ಮಲ್ಲೂ ಒಳ್ಳೆಯ ಕೆಲಸ ನಡೆದಿಲ್ಲವೆಂದಲ್ಲ. ಕೃಷಿ ಹವಾಮಾನ ಘಟಕಗಳು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳೆವಾರು ಸಲಹೆ ಕೊಡುತ್ತವೆ: ಮಳೆ ಇದೆ, ಸಿಂಪಡಣೆ ಮುಂದೂಡಿ, ಕೊಯ್ದದ್ದನ್ನು ಮುಚ್ಚಿಡಿ. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ರೈತ ತನ್ನ ಊರಿನ ಮಳೆಯ ಬಗ್ಗೆಯೇ ಕೇಳಬಹುದು. ಒಬ್ಬ ಕೇಳುವವ, ಒಬ್ಬ ಹೇಳುವವ ಇರುವಲ್ಲಿ ಮಾತು ತಾನಾಗಿಯೇ ತಿಳಿಯಾಗುತ್ತದೆ. ತೊಂದರೆ ಇರುವುದು ಎಲ್ಲರಿಗೂ ಒಟ್ಟಿಗೆ ಬರೆಯುವಲ್ಲಿ. ಅದರ ಮೇಲೆ ಈಗ ಒಬ್ಬರಿಗೆ ಬರೆದದ್ದು ಅರ್ಧ ಗಂಟೆಯಲ್ಲಿ ಎಲ್ಲರ ಫೋನಿನಲ್ಲೂ ಇರುತ್ತದೆ. ಮಲ್ಪೆಗೆ ಬರೆದದ್ದು ಬೆಂಗಳೂರಿನ ವಿಜಯನಗರದವರನ್ನು ಹೆದರಿಸುತ್ತದೆ. ಇದಕ್ಕೆ ಸುಲಭದ ಮದ್ದು, ಮೊದಲ ಸಾಲಿನಲ್ಲೇ ಯಾರಿಗೆ, ಎಲ್ಲಿಯವರಿಗೆ, ಯಾವ ದಿನದ ಎಷ್ಟು ಗಂಟೆಯವರೆಗೆ ಎಂದು ಬರೆಯುವುದು. ದಿನಾಂಕವೇ ಇಲ್ಲದ ರೆಡ್ ಅಲರ್ಟ್ ಮೂರು ವರ್ಷವಾದರೂ ಸಾಯುವುದಿಲ್ಲ.

ಪತ್ರಿಕೆಗಳ ಡೆಸ್ಕಿನಲ್ಲಿ ಕೂತವರಿಗೆ ನನ್ನದೊಂದು ಮನವಿ. ಮುಂದಿನ ಮುಂಗಾರಿನಿಂದ ಹವಾಮಾನದ ಅಂಕಣದ ಕೆಳಗೆ ಎರಡು ಸಾಲು ಜಾಗ ಕೊಡಿ. ಒಂದರಲ್ಲಿ ‘ಕೆಲವೆಡೆ’, ‘ಹಲವೆಡೆ’ಗಳ ಶೇಕಡಾವಾರು ಅಳತೆ ಹಾಕಿ, ಇನ್ನೊಂದರಲ್ಲಿ ಮಿಲಿಮೀಟರಿನ ಪಕ್ಕಕ್ಕೆ ಇಂಚು ಹಾಕಿ. ಜಿಲ್ಲಾಡಳಿತದಿಂದ ‘ಸೂಕ್ತ ಮುನ್ನೆಚ್ಚರಿಕೆ’ ಎಂಬ ಪ್ರಕಟಣೆ ಬಂದರೆ ಹಾಗೇ ಅಚ್ಚು ಹಾಕಬೇಡಿ. ಫೋನ್ ಮಾಡಿ, ಯಾವ ಊರಿನವರು, ಎಷ್ಟು ಗಂಟೆಯೊಳಗೆ, ಯಾವ ಶಾಲೆಗೆ ಹೋಗಬೇಕು ಎಂದು ಕೇಳಿ, ಅದನ್ನು ಹಾಕಿ.